ಸೀಮೆಸುಣ್ಣ ಕೆತ್ತುವವರಿಗೆ ಬಯಾಲಜಿ ಯಾಕೆ?

ಭಾನುವಾರ ಬೆಳಗ್ಗೆ ಎಂಟೂವರೆ. ಕಾಫಿ ಲೋಟ ಇನ್ನೂ ಕೈಯಲ್ಲಿತ್ತು. ಟೆಕ್ಸಸ್‌ನಿಂದ ಅಕ್ಕನ ಮಗಳ ವಿಡಿಯೋ ಕಾಲ್. ಅಲ್ಲಿ ಶನಿವಾರ ರಾತ್ರಿ ಹತ್ತು ಗಂಟೆ. ಆ ವಯಸ್ಸಿನವರು ಆ ಹೊತ್ತಲ್ಲಿ ಮಾಮನಿಗೆ ಫೋನ್ ಮಾಡ್ತಾರೆ ಅಂದ್ರೆ ಏನೋ ತಲೆಬಿಸಿ ಇದೆ ಅಂತಲೇ ಅರ್ಥ.

"ಮಾಮ, ನೀನು ಹಿಸ್ಟರಿ ಪುಸ್ತಕ ಎಲ್ಲ ಓದ್ತೀಯಲ್ಲ, ಇದಕ್ಕೊಂದು ಉತ್ತರ ಹೇಳು. ಡೆಂಟಿಸ್ಟ್ ಆಗೋಕೆ ಫರ್ನ್ ಗಿಡ ಹೇಗೆ ಮರಿ ಮಾಡುತ್ತೆ ಅಂತ ಯಾಕೆ ಗೊತ್ತಿರ್ಬೇಕು?"

ವಿಷಯ ಇಷ್ಟು. ಅವಳು ಅಲ್ಲಿ ಕಾಲೇಜಿನ ಎರಡನೇ ವರ್ಷ ಮುಗಿಸ್ತಿದ್ದಾಳೆ. ಮುಂದಿನ ವರ್ಷದ ಬೇಸಿಗೆಯಲ್ಲಿ ಡಿಎಟಿ, ಅಂದರೆ ಡೆಂಟಲ್ ಅಡ್ಮಿಷನ್ ಟೆಸ್ಟ್ ಬರೀಬೇಕು. ಅದಕ್ಕೂ ಮುಂಚೆ ನಾಲ್ಕು ಬಯಾಲಜಿ ಕೋರ್ಸುಗಳಿಗೆ ಜಾಗ ಇದೆ. ಪಟ್ಟಿ ನೋಡಿದರೆ ಹದಿನೈದು ಇವೆ. ಗೆಳತಿ ಹೇಳ್ತಾಳಂತೆ, ಸುಲಭದ್ದು ತಗೊಂಡು ಜಿಪಿಎ ಕಾಪಾಡ್ಕೋ. ಸೀನಿಯರ್ ಒಬ್ಬ ಹೇಳ್ತಾನಂತೆ, ಕೋರ್ಸೇ ಬೇಡ, ಗೈಡ್ ಪುಸ್ತಕ ಉರು ಹೊಡೆದರೆ ಸಾಕು. ಕಾಲೇಜಿನ ಅಡ್ವೈಸರ್ ಪ್ರಕಾರ ಎಲ್ಲವೂ 'ಒಳ್ಳೆಯ ಕೋರ್ಸೇ'. ಒಂದೊಂದು ಕೋರ್ಸಿನ ಫೀಸನ್ನು ರೂಪಾಯಿಗೆ ಬದಲಾಯಿಸಿ ನೋಡುವ ಕೆಟ್ಟ ಚಾಳಿ ನಮ್ಮಕ್ಕನಿಗೆ ಇನ್ನೂ ಹೋಗಿಲ್ಲ. ಹಾಗಾಗಿ ಮನೆಯಲ್ಲಿ ಮಾತುಕತೆ ಸ್ವಲ್ಪ ಬಿಸಿಯಾಗಿಯೇ ನಡೆದಿತ್ತು.

ನಾನು ಬಯಾಲಜಿ ಬಿಟ್ಟು ಇಪ್ಪತ್ತು ವರ್ಷ ಆಯ್ತು. ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದಷ್ಟೇ. ಆದರೆ ಅವಳು ಕೇಳಿದ ಪ್ರಶ್ನೆಗೆ ಬಯಾಲಜಿಯಲ್ಲಿ ಉತ್ತರ ಇಲ್ಲ, ಇತಿಹಾಸದಲ್ಲಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ನಮ್ಮವರಿಗೆ ಮೊದಲೇ ಒಂದು ವ್ಯತ್ಯಾಸ ಹೇಳಿಬಿಡಬೇಕು. ನಮ್ಮಲ್ಲಿ ಪಿಯುಸಿ ಮುಗೀತು, ನೀಟ್ ಬರೆದರು, ಬಿಡಿಎಸ್ ಸೇರಿದರು. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಲ್ಲ ಅಲ್ಲೇ, ಎಲ್ಲರಿಗೂ ಒಂದೇ ಊಟದೆಲೆ. ಆರಿಸುವ ಪ್ರಶ್ನೆಯೇ ಇಲ್ಲ. ಅಮೆರಿಕದಲ್ಲಿ ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಕಾಲೇಜು, ಆಮೇಲೆ ನಾಲ್ಕು ವರ್ಷದ ಡೆಂಟಲ್ ಸ್ಕೂಲ್. ಕಾಲೇಜಿನಲ್ಲಿ ಏನು ಓದಬೇಕು ಅನ್ನೋದನ್ನು ಹತ್ತೊಂಬತ್ತು ವರ್ಷದ ಹುಡುಗಿಯೇ ಆರಿಸಬೇಕು. (ಇಲ್ಲಿ ಬಿಡಿಎಸ್ ಮುಗಿಸಿ ಅಲ್ಲಿಗೆ ಹೋಗುವವರ ದಾರಿ ಬೇರೆ, ಪರೀಕ್ಷೆಗಳೂ ಬೇರೆ. ಅದು ಇನ್ನೊಂದು ಕಥೆ.)

ಡಿಎಟಿಯಲ್ಲಿ ವಿಜ್ಞಾನಕ್ಕೆ 100 ಪ್ರಶ್ನೆ, 90 ನಿಮಿಷ. ಅದರಲ್ಲಿ 40 ಬಯಾಲಜಿ, 30 ಜನರಲ್ ಕೆಮಿಸ್ಟ್ರಿ, 30 ಆರ್ಗ್ಯಾನಿಕ್. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ. ಆ 40ರಲ್ಲಿ ಜೀವಕೋಶ, ಜೀವಿವೈವಿಧ್ಯ, ದೇಹದ ಅಂಗವ್ಯವಸ್ಥೆಗಳು, ಭ್ರೂಣದ ಬೆಳವಣಿಗೆ, ತಳಿಶಾಸ್ತ್ರ, ವಿಕಾಸ, ಪರಿಸರ ಎಲ್ಲವೂ ಬರಬೇಕು. ಹಾಗಾಗಿ ಒಂದೊಂದರಿಂದಲೂ ಬೆರಳೆಣಿಕೆಯಷ್ಟೇ ಪ್ರಶ್ನೆ. ಅಗಲ ಜಾಸ್ತಿ, ಆಳ ಕಮ್ಮಿ. ಈ ಅಗಲ ಎಲ್ಲಿಂದ ಬಂತು?

ಸ್ವಲ್ಪ ಹಿಂದೆ ಹೋಗೋಣ.

ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡಾಗ ಅವನ ಬಾಯಲ್ಲಿ ಉಳಿದಿದ್ದು ಒಂದೇ ಒಂದು ಸ್ವಂತ ಹಲ್ಲು. ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗೆ. ಅವನ ಕಟ್ಟುಹಲ್ಲು ಮರದ್ದು ಅನ್ನೋದು ಕಟ್ಟುಕಥೆ. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹದ ತಂತಿ ಎಲ್ಲ ಸೇರಿಸಿ ಮಾಡಿದ್ದು. ಅದನ್ನು ಮಾಡಿದವರು ಒಳ್ಳೆಯ ಕುಶಲಕರ್ಮಿಗಳು. ಹಲ್ಲಿನ ಕೆಲಸ ಅಂದರೆ ಆಗ ಅದೇ: ಕೀಳೋದು, ಕಟ್ಟೋದು, ಚಿನ್ನ ತುಂಬೋದು. ಅಕ್ಕಸಾಲಿಗೆ ಬೇಕಾದ ಕೈ ಇದ್ದರೆ ಸಾಕು. ಕಲಿಯೋದು ಕಸುಬುದಾರನ ಪಕ್ಕ ಕೂತು.

ಇದು ಸಾಲದು ಅಂದವರು ಬಾಲ್ಟಿಮೋರ್‌ನ ಇಬ್ಬರು, ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್. 1840ರಲ್ಲಿ ಮೇರಿಲ್ಯಾಂಡ್ ರಾಜ್ಯದ ಅನುಮತಿ ಪಡೆದು ಅವರು ತೆರೆದ ಬಾಲ್ಟಿಮೋರ್ ಕಾಲೇಜ್ ಆಫ್ ಡೆಂಟಲ್ ಸರ್ಜರಿ ಜಗತ್ತಿನ ಮೊದಲ ಡೆಂಟಲ್ ಕಾಲೇಜು. ಮೊದಲ ತಂಡದಲ್ಲಿ ಐದು ವಿದ್ಯಾರ್ಥಿಗಳು, ಮರುವರ್ಷ ಡಿಗ್ರಿ ತಗೊಂಡವರು ಇಬ್ಬರು. ಪಕ್ಕದಲ್ಲೇ ಇದ್ದ ಮೆಡಿಕಲ್ ಕಾಲೇಜಿನವರು 'ಹಲ್ಲಿನ ಪಾಠಕ್ಕೆಲ್ಲ ನಮ್ಮಲ್ಲಿ ಜಾಗ ಇಲ್ಲ' ಅಂತ ತಿರಸ್ಕರಿಸಿದ್ದರಿಂದಲೇ ಇವರು ಬೇರೆ ಮನೆ ಮಾಡಿದರು ಅನ್ನೋ ಕಥೆ ದಂತವೈದ್ಯರಲ್ಲಿ ಬಹಳ ಪ್ರಸಿದ್ಧ. ಆ ಕಥೆಯನ್ನು ಇತಿಹಾಸಕಾರರು ಪೂರ್ತಿ ನಂಬೋದಿಲ್ಲ. ಆದರೆ ಬೇರೆ ಮನೆ ಆದದ್ದಂತೂ ನಿಜ. ಗಮನಿಸಬೇಕಾದ್ದು ಇನ್ನೊಂದಿದೆ. ಬೇರೆ ಮನೆಗೆ ಹೋಗುವಾಗಲೂ ಅವರು ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರಗಳನ್ನು ಹೊತ್ತುಕೊಂಡೇ ಹೋದರು. ಕೈ ಒಂದೇ ಸಾಲದು, ಬಾಯಿ ಅನ್ನೋದು ದೇಹದ ಭಾಗ ಅಂತ ಅವರಿಗೆ ಗೊತ್ತಿತ್ತು.

ಗೊತ್ತಿದ್ದರೂ, ಹಲ್ಲು ಯಾಕೆ ಹುಳುಕಾಗುತ್ತೆ ಅಂತ ಕೇಳಿದರೆ ಯಾರ ಹತ್ತಿರವೂ ನೆಟ್ಟಗಿನ ಉತ್ತರ ಇರಲಿಲ್ಲ. ಅದು ಸಿಕ್ಕಿದ್ದು ಬರ್ಲಿನ್‌ನಲ್ಲಿ, ಒಬ್ಬ ಅಮೆರಿಕನ್ನನಿಂದ. ವಿಲೋಬಿ ಡಿ. ಮಿಲ್ಲರ್ ಮೊದಲು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವನು, ಡೆಂಟಿಸ್ಟ್ ಆಗಿದ್ದು ಆಮೇಲೆ. ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಅವನ ಪ್ರಯೋಗ ಎಷ್ಟು ಸರಳ ಅಂದ್ರೆ ಅಡುಗೆಮನೆಯಲ್ಲಿ ಮಾಡಿದ ಹಾಗಿದೆ. ಕಿತ್ತ ಹಲ್ಲನ್ನು ಎಂಜಲು ಮತ್ತು ಬ್ರೆಡ್ಡಿನ ಜೊತೆ ಬೆಚ್ಚಗಿಟ್ಟ. ಹಲ್ಲಿನ ಸುಣ್ಣ ಕರಗಿತು. ಬ್ರೆಡ್ಡಿನ ಬದಲು ಮಾಂಸದ ಕೊಬ್ಬು ಇಟ್ಟ. ಕರಗಲಿಲ್ಲ. ಎಂಜಲನ್ನು ಕುದಿಸಿ ಬ್ರೆಡ್ ಇಟ್ಟ. ಆಗಲೂ ಕರಗಲಿಲ್ಲ. ಅಂದರೆ ಎಂಜಲಿನಲ್ಲಿರುವ ಯಾವುದೋ ಜೀವಿ ಪಿಷ್ಟ, ಸಕ್ಕರೆ ತಿಂದು ಆಮ್ಲ ಮಾಡುತ್ತೆ, ಆ ಆಮ್ಲ ಹಲ್ಲನ್ನು ಕರಗಿಸುತ್ತೆ. 1890ರಲ್ಲಿ ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆ ಅವನ ಇಂಗ್ಲಿಷ್ ಪುಸ್ತಕ ಬಂತು. ಸಾವಿರಾರು ವರ್ಷ ಜನ ನಂಬಿದ್ದ 'ಹಲ್ಲಿನ ಹುಳ'ದ ಜಾಗಕ್ಕೆ ಮೈಕ್ರೋಬಯಾಲಜಿ ಬಂದು ಕೂತಿತು.

ಇಷ್ಟಾದ ಮೇಲೆ ಎಲ್ಲ ಸರಿಹೋಯ್ತಾ? ಇಲ್ಲ. ಅರ್ಧಂಬರ್ಧ ವಿಜ್ಞಾನ ಏನು ಮಾಡುತ್ತೆ ಅನ್ನೋದಕ್ಕೆ ಮುಂದಿನ ಅಧ್ಯಾಯ ಸಾಕ್ಷಿ. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಕೆನಡಾದ ಮಾಂಟ್ರಿಯಲ್‌ಗೆ ಬಂದು ಒಂದು ಭಾಷಣ ಮಾಡಿದ. ಅಮೆರಿಕನ್ ಡೆಂಟಿಸ್ಟರು ಚಿನ್ನದ ಕೆಲಸದ ಚೆಂದ ನೋಡ್ತಾರೆ, ಅದರಡಿ ಕೀವು ತುಂಬಿರೋದನ್ನು ನೋಡೋದಿಲ್ಲ ಅನ್ನೋದು ಅವನ ಆರೋಪ. ಅದರಲ್ಲಿ ಸತ್ಯ ಇತ್ತು. ಆದರೆ ಅದರಿಂದ ಹುಟ್ಟಿದ್ದು ಅತಿರೇಕ. ಸಂಧಿವಾತವೋ, ಹೃದಯದ ಕಾಯಿಲೆಯೋ, ಮನೋರೋಗವೋ, ಎಲ್ಲದಕ್ಕೂ ಹಲ್ಲಿನ ಸೋಂಕೇ ಮೂಲ ಅಂತ ವೈದ್ಯರು ಹೇಳತೊಡಗಿದರು. ಮುಂದಿನ ಎರಡು ಮೂರು ದಶಕ ಲೆಕ್ಕವಿಲ್ಲದಷ್ಟು ಜನರ ಗಟ್ಟಿ ಹಲ್ಲುಗಳನ್ನು ಸುಮ್ಮಸುಮ್ಮನೆ ಕಿತ್ತರು. 'ಡಾಕ್ಟರೇ, ಇದಕ್ಕೆ ಆಧಾರ ಏನು?' ಅಂತ ಗಟ್ಟಿಯಾಗಿ ಕೇಳುವ ಡೆಂಟಿಸ್ಟರು ಕೆಲವರು ಇದ್ದರು, ಆದರೆ ಕೆಲವರೇ. ಕೇಳಬೇಕಾದರೆ ಡಾಕ್ಟರಿಗೆ ಗೊತ್ತಿರುವಷ್ಟು ಬಯಾಲಜಿ ತಮಗೂ ಗೊತ್ತಿರಬೇಕಲ್ಲ.

ಅದೇ ಕಾಲದಲ್ಲಿ ಅಮೆರಿಕದ ಎಷ್ಟೋ ಡೆಂಟಲ್ ಕಾಲೇಜುಗಳು ಲಾಭಕ್ಕಾಗಿ ನಡೆಯುವ ಖಾಸಗಿ ಅಂಗಡಿಗಳಾಗಿದ್ದವು. ಹೈಸ್ಕೂಲ್ ಮುಗಿಸಿದ್ದರೆ ಸೀಟು. ಮೆಡಿಕಲ್ ಕಾಲೇಜುಗಳದ್ದೂ ಇದೇ ಕಥೆಯಾಗಿತ್ತು. 1910ರಲ್ಲಿ ಕಾರ್ನೆಗಿ ಫೌಂಡೇಶನ್ ಪ್ರಕಟಿಸಿದ ಅಬ್ರಹಾಂ ಫ್ಲೆಕ್ಸ್‌ನರ್ ವರದಿ ಅವಕ್ಕೆ ಬಿಸಿ ಮುಟ್ಟಿಸಿತ್ತು. ಹಲ್ಲಿನವರ ಸರದಿ ಬಂದಾಗ ಆ ಕೆಲಸ ಹಿಡಿದವನು ಡೆಂಟಿಸ್ಟೇ ಅಲ್ಲ. ವಿಲಿಯಂ ಗೀಸ್ ಕೊಲಂಬಿಯಾ ವಿಶ್ವವಿದ್ಯಾಲಯದ ಬಯೋಕೆಮಿಸ್ಟ್ರಿ ಪ್ರಾಧ್ಯಾಪಕ. 1919ರಲ್ಲೇ ದಂತ ಸಂಶೋಧನೆಗೆಂದು ಒಂದು ಪತ್ರಿಕೆ ಶುರು ಮಾಡಿದ್ದವನು. ಅಮೆರಿಕ, ಕೆನಡಾದ ಡೆಂಟಲ್ ಸ್ಕೂಲುಗಳನ್ನೆಲ್ಲ ಖುದ್ದಾಗಿ ಸುತ್ತಿ, 1926ರಲ್ಲಿ ಆರುನೂರಕ್ಕೂ ಹೆಚ್ಚು ಪುಟದ ವರದಿ ಕೊಟ್ಟ.

ಅವನ ಮಾತಿನ ಸಾರ ಇಷ್ಟು: ದಂತವೈದ್ಯ ಪ್ರತ್ಯೇಕ ವೃತ್ತಿಯಾಗಿಯೇ ಇರಲಿ, ಆದರೆ ವೈದ್ಯವೃತ್ತಿಗೆ ಸಮನಾಗಿ ನಿಲ್ಲಬೇಕು. ಸಮ ಅನ್ನಿಸಿಕೊಳ್ಳಬೇಕಾದರೆ ಡೆಂಟಲ್ ಸ್ಕೂಲು ವಿಶ್ವವಿದ್ಯಾಲಯದೊಳಗೆ ಬರಬೇಕು. ಸೇರುವ ಮುಂಚೆ ಎರಡು ವರ್ಷ ಕಾಲೇಜು ಓದಿರಬೇಕು. ಮುಂದಿನ ಕೆಲವು ವರ್ಷಗಳಲ್ಲಿ ಲಾಭದ ಅಂಗಡಿಗಳು ಮುಚ್ಚಿದವು. 1930ರ ದಶಕದಲ್ಲಿ ಎರಡು ವರ್ಷದ ಕಾಲೇಜು ಓದು ನಿಯಮವಾಯಿತು.

"ಹಾಗಾದ್ರೆ ನನ್ನ ತಲೆನೋವಿಗೆ ಕಾರಣ ಈ ಮಹಾನುಭಾವ!" ಅಂದಳು ಸೊಸೆ.

ಹೌದು ಅಂತಲೇ ಅಂದೆ. ಕಾಲೇಜಿನಲ್ಲಿ ಕೋರ್ಸ್ ಆರಿಸುವ ಅವಳ ಪಾಡು ಶುರುವಾಗಿದ್ದು ಅಲ್ಲಿಂದ.

ಇನ್ನು ಪರೀಕ್ಷೆ. ಎರಡನೇ ಮಹಾಯುದ್ಧ ಮುಗೀತು. 1944ರ ಜಿಐ ಬಿಲ್ ಪ್ರಕಾರ ಸೈನಿಕರ ಓದಿನ ಖರ್ಚು ಸರ್ಕಾರದ್ದು. ಕಾಲೇಜುಗಳಿಗೆ ಜನಪ್ರವಾಹ. ಸೀಟು ಕಮ್ಮಿ, ಅರ್ಜಿ ಜಾಸ್ತಿ. ಆರಿಸೋದು ಹೇಗೆ? ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ನಲವತ್ತರ ದಶಕದ ಕೊನೆಯಲ್ಲಿ ಪ್ರಯೋಗ ಮಾಡಿ, 1950ರಿಂದ ದೇಶಕ್ಕೆಲ್ಲ ಒಂದೇ ಪರೀಕ್ಷೆ ತಂತು. ಆ ಪರೀಕ್ಷೆಯಲ್ಲಿ ಒಂದು ಮಜಾ ಇತ್ತು. ವಿಜ್ಞಾನದ ಪ್ರಶ್ನೆಗಳ ಜೊತೆಗೆ ಅಭ್ಯರ್ಥಿಯ ಕೈಗೆ ಸೀಮೆಸುಣ್ಣದ ತುಂಡು ಕೊಟ್ಟು, ಚಾಕುವಿನಿಂದ ಹೇಳಿದ ಆಕಾರಕ್ಕೆ ಕೆತ್ತು ಅಂತಿದ್ದರು! ಒಂದೇ ದಿನ, ಒಂದೇ ಹಾಲ್‌ನಲ್ಲಿ ಅಕ್ಕಸಾಲಿಗನ ಕೈಗೂ ಪರೀಕ್ಷೆ, ವೈದ್ಯನ ತಲೆಗೂ ಪರೀಕ್ಷೆ. ಬಾಲ್ಟಿಮೋರ್‌ನ ಹಳೇ ಜಗಳವನ್ನು ಹಾಗೇ ಪ್ರಶ್ನೆಪತ್ರಿಕೆ ಮಾಡಿದಂತಿತ್ತು.

1972ರಲ್ಲಿ ಸೀಮೆಸುಣ್ಣ ಹೋಯಿತು. ಅದರ ಜಾಗಕ್ಕೆ ಆಕಾರ, ಕೋನಗಳನ್ನು ಕಣ್ಣಲ್ಲೇ ಅಳೆಯುವ ಕಾಗದದ ಪರೀಕ್ಷೆ ಬಂತು. ಅದೇ ಈಗಿನ ಪರ್ಸೆಪ್ಚುಯಲ್ ಎಬಿಲಿಟಿ ವಿಭಾಗ. (ಕೆನಡಾದವರು ಮಾತ್ರ ಅದಾದ ಮೇಲೂ ದಶಕಗಳ ಕಾಲ ಸೋಪು ಕೆತ್ತಿಸುತ್ತಿದ್ದರು.) ಕೈಚಳಕ ಡೆಂಟಲ್ ಸ್ಕೂಲಿಗೆ ಬಂದಮೇಲೂ ಕಲಿಸಬಹುದು. ಬಯಾಲಜಿ ಮಾತ್ರ ಪರೀಕ್ಷೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ನಮ್ಮ ದೇಶಕ್ಕೂ ಈ ಕಥೆಯ ಒಂದು ಕೊಂಬೆ ಚಾಚಿದೆ. ಭಾರತದ ಮೊದಲ ಡೆಂಟಲ್ ಕಾಲೇಜು ಶುರುವಾಗಿದ್ದು 1920ರಲ್ಲಿ, ಕಲ್ಕತ್ತಾದಲ್ಲಿ. ಶುರು ಮಾಡಿದ ಡಾ. ರಫಿಯುದ್ದೀನ್ ಅಹ್ಮದ್ 1915ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ ಡೆಂಟಲ್ ಡಿಗ್ರಿ ಪಡೆದು ಬಂದವರು. ಕಾಲೇಜಿಗೆ ದುಡ್ಡು ಹೊಂದಿಸಲು ಅವರು ನಡೆಸಿದ್ದು ಒಂದು ಸೋಡಾ ಫೌಂಟನ್ ಅಂಗಡಿ! ಸಿಹಿ ಸೋಡಾ ಮಾರಿ ಹಲ್ಲಿನ ಕಾಲೇಜು ಕಟ್ಟಿದ ಈ ಪುಣ್ಯಾತ್ಮರ ಹುಟ್ಟುಹಬ್ಬ, ಡಿಸೆಂಬರ್ 24, ನಮ್ಮಲ್ಲಿ ದಂತವೈದ್ಯರ ದಿನ.

ಇರಲಿ. ಇಷ್ಟೆಲ್ಲ ಇತಿಹಾಸ ಕೇಳಿದ ಹುಡುಗಿ, "ಸರಿ ಮಾಮ, ನಾಲ್ಕು ಕೋರ್ಸ್ ಯಾವುದು ಅದನ್ನ ಹೇಳು" ಅಂದಳು. ಇಬ್ಬರೂ ಪಟ್ಟಿ ಮುಂದಿಟ್ಟುಕೊಂಡು ಕೂತೆವು.

ಮೊದಲ ಮಾತು, ಪರೀಕ್ಷೆಯ ಬೆನ್ನೆಲುಬು ಅವಳು ಆಗಲೇ ಮುಗಿಸಿರುವ ಎರಡು ಸೆಮಿಸ್ಟರಿನ ಜನರಲ್ ಬಯಾಲಜಿ. 40 ಪ್ರಶ್ನೆಗಳ ಅಗಲ ಹೆಚ್ಚುಕಡಿಮೆ ಆ ದಪ್ಪ ಪುಸ್ತಕದ ಅಗಲವೇ. ಕ್ಲಾಸಿನಲ್ಲಿ ಬಿಟ್ಟುಹೋದ ಸಸ್ಯ, ಶಿಲೀಂಧ್ರ, ವರ್ಗೀಕರಣದ ಅಧ್ಯಾಯಗಳನ್ನು ತಾನೇ ಓದಿಕೊಂಡರೆ ಆಯ್ತು. ಫರ್ನ್‌ಗೋಸ್ಕರ ಒಂದು ಇಡೀ ಸೆಮಿಸ್ಟರ್ ಬಾಟನಿ ಬೇಡ. ಇಕಾಲಜಿಯೂ ಅಷ್ಟೇ, ಇಷ್ಟ ಇದ್ದರೆ ಓದಲಿ, ಪರೀಕ್ಷೆಗೋಸ್ಕರ ಬೇಡ.

ಎರಡನೇದು, ಪರೀಕ್ಷೆಗೆ ಮುಂಚೆಯೇ ಮುಗಿಸಬೇಕಾದ್ದು ಫಿಸಿಯಾಲಜಿ ಮತ್ತು ಜೆನೆಟಿಕ್ಸ್. ಕಿಡ್ನಿ, ಹೃದಯ, ಹಾರ್ಮೋನ್, ತಳಿಯ ಲೆಕ್ಕ, ಇವನ್ನು ಉರು ಹೊಡೆದರೆ ಮರೆಯುತ್ತೆ, ಒಮ್ಮೆ ಅರ್ಥವಾದರೆ ಉಳಿಯುತ್ತೆ. ಒಂದು ನಿಮಿಷದೊಳಗೆ ಉತ್ತರ ಬರೋದು ಅರ್ಥವಾದದ್ದರಿಂದಲೇ.

ಮೂರನೇದು, ಡಿಎಟಿಗೆ ಅಷ್ಟಾಗಿ ಬೇಕಿಲ್ಲ, ಡೆಂಟಿಸ್ಟ್ ಆಗಲು ಬೇಕೇ ಬೇಕು ಅನ್ನುವಂಥವು: ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ. ಬಯೋಕೆಮಿಸ್ಟ್ರಿಯನ್ನು ಅನೇಕ ಡೆಂಟಲ್ ಸ್ಕೂಲುಗಳೇ ಕೇಳುತ್ತವೆ. ಒಂದೊಂದು ಸ್ಕೂಲಿನ ಪಟ್ಟಿ ಒಂದೊಂದು ಥರ, ಹಾಗಾಗಿ ಅರ್ಜಿ ಹಾಕುವ ಸ್ಕೂಲುಗಳ ಪಟ್ಟಿಯನ್ನು ಈಗಲೇ ನೋಡಬೇಕು, ಕೊನೇ ವರ್ಷದಲ್ಲಲ್ಲ. ಲ್ಯಾಬ್ ಇರುವ ಎರಡು ಭಾರದ ಕೋರ್ಸುಗಳನ್ನು ಒಂದೇ ಸೆಮಿಸ್ಟರಿಗೆ ತುರುಕಬಾರದು. ಗೆಳತಿ ಹೇಳಿದ ಜಿಪಿಎ ಮಾತಿನಲ್ಲಿ ಇಷ್ಟು ಮಾತ್ರ ಸತ್ಯ ಇದೆ.

"ಮೈಕ್ರೋಬಯಾಲಜಿ ಬೆಳಗ್ಗೆ ಎಂಟಕ್ಕೆ ಮಾಮ. ಪರೀಕ್ಷೆಗೂ ಬರಲ್ಲ. ಬಿಟ್ರೆ ಏನಾಗುತ್ತೆ?"

ಆಗ ಅವಳಿಗೆ ಎರಡು ಸಂಗತಿ ಹೇಳಿದೆ. ಒಂದು ನಮ್ಮ ಮನೆಯದ್ದೇ. ನಮ್ಮಮ್ಮನಿಗೆ, ಅಂದರೆ ಅವಳ ಅಜ್ಜಿಗೆ, ಒಸಡಲ್ಲಿ ರಕ್ತ ಬರ್ತಿತ್ತು. ಬೆಂಗಳೂರಿನಲ್ಲಿ ಮನೆ ಹತ್ತಿರದ ಡೆಂಟಿಸ್ಟ್ ಹತ್ತಿರ ಹೋದರೆ, ಆಕೆ ಹಲ್ಲು ಕ್ಲೀನ್ ಮಾಡುವ ಮುಂಚೆ ಕೇಳಿದ್ದು, "ಅಮ್ಮಾ, ಶುಗರ್ ಟೆಸ್ಟ್ ಮಾಡಿಸಿ ಎಷ್ಟು ದಿನ ಆಯ್ತು?" ಮಾಡಿಸಿಯೇ ಇರಲಿಲ್ಲ. ಮಾಡಿಸಿದಾಗ ಮುನ್ನೂರರ ಹತ್ತಿರ ಇತ್ತು. ಸಕ್ಕರೆ ಕಾಯಿಲೆ ಒಸಡನ್ನು ಹಾಳು ಮಾಡುತ್ತೆ, ಒಸಡಿನ ಸೋಂಕು ಸಕ್ಕರೆಯನ್ನು ಹತೋಟಿಗೆ ಬರಲು ಬಿಡೋದಿಲ್ಲ. ಅವತ್ತು ಅಮ್ಮನ ಕಾಯಿಲೆ ಹಿಡಿದಿದ್ದು ಆಕೆಯ ಕೈಚಳಕ ಅಲ್ಲ, ಫಿಸಿಯಾಲಜಿ.

ಇನ್ನೊಂದು ಅಮೆರಿಕದ್ದು. 2007ರ ಫೆಬ್ರವರಿಯಲ್ಲಿ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಒಬ್ಬ ಹುಡುಗ ತೀರಿಕೊಂಡ. ಬಡವರ ಮನೆ ಮಗು. ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಏರಿತ್ತು. ಎರಡು ಸಲ ಮಿದುಳಿನ ಆಪರೇಷನ್ ಮಾಡಿದರೂ ಉಳಿಯಲಿಲ್ಲ. ಹಲ್ಲು ಕೀಳಿಸಲು ಸುಮಾರು 80 ಡಾಲರ್ ಸಾಕಿತ್ತು ಅಂತ ಪತ್ರಿಕೆಗಳು ಬರೆದವು. ಅಲ್ಲಿ ಹಲ್ಲಿನ ವಿಮೆಯೇ ಬೇರೆ, ದೇಹದ ವಿಮೆಯೇ ಬೇರೆ. ವೃದ್ಧರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಕೂಡ ಮಾಮೂಲಿ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿತು. ಬಾಯಿ ಬೇರೆ, ದೇಹ ಬೇರೆ ಅಂತ ಕಚೇರಿಗಳು ಗೆರೆ ಎಳೆಯಬಹುದು, ಬ್ಯಾಕ್ಟೀರಿಯಾಕ್ಕೆ ಆ ಗೆರೆ ಕಾಣೋದಿಲ್ಲ. ಜಗತ್ತಿನ ಮೊದಲ ಡೆಂಟಲ್ ಕಾಲೇಜು ಬೇರೆ ಮನೆ ಮಾಡಿದ್ದೂ ಅದೇ ರಾಜ್ಯದಲ್ಲಿ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದ್ಸರಿ, ಫರ್ನ್ ಯಾಕೆ ಅಂತ ನೀನು ಇನ್ನೂ ಹೇಳಿಲ್ಲ."

ಫರ್ನ್ ಬಗ್ಗೆ ನನಗೂ ಪೂರ್ತಿ ಸಮಾಧಾನ ಇಲ್ಲ ಅಂತ ಒಪ್ಪಿಕೊಂಡೆ. ಆದರೆ ಶಾರ್ಕ್ ಮೀನಿನ ಚರ್ಮ ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟಾಗಿರುತ್ತಲ್ಲ, ಆ ಒಂದೊಂದು ಹುರುಪೆಯೂ ಒಂದು ಪುಟಾಣಿ ಹಲ್ಲಿನ ಹಾಗೇ ಇರುತ್ತೆ. ಒಳಗೆ ಡೆಂಟಿನ್, ಮೇಲೆ ಎನಾಮಲ್ ಥರದ್ದೇ ಪದರ. ನಮ್ಮ ಹಲ್ಲಿಗೆ ಅದು ಬಹಳ ಹಳೆಯ ನೆಂಟ. ಜೀವಿಗಳ ಪಟ್ಟಿ ಉರು ಹೊಡೆಯುವಾಗ ಇಂಥ ನೆಂಟರು ಸಿಗ್ತಾರೆ, ಹುಡುಕ್ತಾ ಓದು ಅಂದೆ.

ಫಿಸಿಯಾಲಜಿ, ಜೆನೆಟಿಕ್ಸ್, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ. ಅವತ್ತೇ ರಾತ್ರಿ ನಾಲ್ಕನ್ನೂ ನೋಂದಾಯಿಸಿದಳು. ಆ ಎಂಟು ಗಂಟೆಯ ಕ್ಲಾಸನ್ನೂ ಸೇರಿಸಿ.

ಸೆಪ್ಟೆಂಬರಿನಲ್ಲಿ ವಾಟ್ಸಾಪಿಗೆ ಒಂದು ಫೋಟೋ ಬಂತು. ಗಾಜಿನ ತಟ್ಟೆಯಲ್ಲಿ ಬೆಳ್ಳಗೆ, ಹಳದಿಯಾಗಿ ಚುಕ್ಕೆ ಚುಕ್ಕೆ. ಮೊದಲ ಲ್ಯಾಬಿನಲ್ಲಿ ಹತ್ತಿಕಡ್ಡಿಯಿಂದ ಸ್ವಂತ ಬಾಯಿ ಒರೆಸಿ ಬೆಳೆಸಿದ್ದಂತೆ. ಮಿಲ್ಲರ್ ಬರ್ಲಿನ್‌ನಲ್ಲಿ ಬೆಳೆಸಿದ ವಂಶದ್ದೇ ಇವೂ ಇರಬಹುದು. ಕೆಳಗೆ ಬರೆದಿದ್ದಳು: "ಮಾಮ, ಇವೆಲ್ಲ ನನ್ನ ಬಾಯಲ್ಲಿ ಇದ್ದವು. ಅಜ್ಜಿಗೆ ತೋರಿಸ್ಬೇಡ."

ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ರಾತ್ರಿ ಹಲ್ಲುಜ್ಜಿ ಮಲಗೋಕೆ ಹೇಳು ಅವಳಿಗೆ" ಅಂದರು.